ಮೂರನೇ ಅಧ್ಯಾಯದ ಊಟ

ನನ್ನ ಮಗಳು ಕ್ರಾಂತಿ ನನ್ನನ್ನೇ ನಂಬಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಸಿಟ್ಟಿನಲ್ಲೇ ನಾನು ಆ ದಿನ ಅವಳ ಕಾರು ಹತ್ತಿದ್ದು. ಹೆತ್ತ ತಾಯಿ, ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು, ಕಣ್ಣಾರೆ ಕಂಡದ್ದನ್ನು ಹೇಳಿದರೆ ಸಾಲದಂತೆ! ಆ ಕಡೆಯವರನ್ನೂ ಕೇಳಬೇಕಂತೆ!

ಅವಳ ಕಸುಬೇ ಹಾಗೆ. ಬಳ್ಳಾರಿಯ ಸಣ್ಣ ಪತ್ರಿಕೆಯೊಂದಕ್ಕೆ ವರದಿಗಾರ್ತಿಯಾಗಿ ಸೇರಿದವಳು, ಬಸ್ಸಿಲ್ಲದ ಕಡೆ ಟ್ರ್ಯಾಕ್ಟರ್ ಹತ್ತಿ ಸುದ್ದಿ ತಂದವಳು, ಕೊನೆಗೆ ಬೆಂಗಳೂರಿನ ಒಂದು ಸುದ್ದಿ ಚಾನೆಲ್ಲಿಗೆ ಮುಖ್ಯಸ್ಥೆಯಾದಳು. ಅಲ್ಲಿ ಅವಳದು ಒಂದೇ ಹಟ. ಯಾರ ಮೇಲೆ ಮಾತು ಬಂದಿದೆಯೋ ಅವರನ್ನು ಕೇಳದೆ ಸುದ್ದಿ ಹೋಗಕೂಡದು. ಉಳಿದ ಚಾನೆಲ್ಲಿನವರು ಬಾಯಿ ಬಡಿದುಕೊಳ್ಳುತ್ತಿದ್ದರೆ ಇವಳು ಫೋನ್ ಹಿಡಿದು ಕೂತಿರುತ್ತಿದ್ದಳಂತೆ. ಮಾಲೀಕರಿಗೆ ಅದು ಸರಿಬರಲಿಲ್ಲ, ರಾಜೀನಾಮೆ ಬಿಸಾಕಿ ಬಂದಳು. ಈಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲೂಕುಗಳ ರಾಜಕೀಯ ಚರಿತ್ರೆ ಬರೆಯುತ್ತಿದ್ದಾಳೆ. ಗೆದ್ದವರಿಗಿಂತ ಸೋತವರ ಮೇಲೇ ಅವಳಿಗೆ ಅಕ್ಕರೆ.

ಅದರ ಮೂರನೇ ಅಧ್ಯಾಯ ನಮ್ಮದು. ಕ್ರಾಂತಿ ಇನ್ನೂ ಕೂಸು, ನನಗೆ ನೌಕರಿಯೂ ಸಿಕ್ಕಿರಲಿಲ್ಲ, ನನ್ನ ಗಂಡ ಹುಲುಗಪ್ಪ ಆಗ ಹಿರೇಹಡಗಲಿಯಲ್ಲಿ ಕೂಲಿಕಾರರ ಸಂಘ ಕಟ್ಟಿದ್ದರು. ಕೂಡ್ಲಿಗಿ ಕಡೆಯ ಪಾಲಯ್ಯ, ನಾಯಕರವನು, ಅಲ್ಲಿ ಒಣಬೇಸಾಯದ ರೈತರನ್ನು ಕೂಡಿಸಿದ್ದ. ಇಬ್ಬರೂ ಸೇರಿ ಜಿಲ್ಲಾ ಪರಿಷತ್ ಚುನಾವಣೆಗೆ ನಿಂತರು. ಒಂದೇ ಬೀಡಿಯನ್ನು ಇಬ್ಬರು ಸೇದುವಷ್ಟು ದೋಸ್ತಿ. ಪ್ರಚಾರ ಸಭೆ ಮುಗಿಸಿಕೊಂಡು ಪಾಲಯ್ಯ ಮೊದಲ ಸಲ ನಮ್ಮ ಮನೆಗೆ ಉಣ್ಣಲು ಬಂದ. ನಾನು ಬಡಿಸಿದೆ. ತಟ್ಟೆ ನೋಡಿದ, "ಹೊಟ್ಟಿ ಯಾಕೋ ಸರಿ ಇಲ್ಲ ತಂಗೀ" ಎಂದ, ಎದ್ದು ಹೋದ.

ಕೇರಿಯೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿತ್ತು. ಹೊಟ್ಟೆ ಸರಿ ಇಲ್ಲವಂತೆ! ಆ ರೋಗ ನಮ್ಮ ಕೇರಿಗೆ ಹೊಸದೇ? ನಮ್ಮ ಮನೆ ತಟ್ಟೆಯ ಮುಂದೆ ಕೂತಾಗ ಮಾತ್ರ ಬರುವ ರೋಗ ಅದು. ಬೀಡಿ ಹೊರಗಿನದು, ಮನೆಯೊಳಗೆ ಬಂದಾಗಲೇ ಜನರಿಗೆ ಜಾತಿ ನೆನಪಾಗುವುದು. ಮರುದಿನ ಇವರು ಮೈಕ್ ಮುಂದೆ ಅದನ್ನೇ ಹೇಳಿದರು. ಮೈತ್ರಿ ಮುರಿಯಿತು, ಇಬ್ಬರೂ ಸೋತರು, ಮತ್ತೆ ಮುಖ ನೋಡಲಿಲ್ಲ. ಕ್ರಾಂತಿ ಈ ಕಥೆ ಕೇಳಿಯೇ ಬೆಳೆದಳು. ಆ ತಟ್ಟೆಯೇ ನನ್ನನ್ನು ಪತ್ರಕರ್ತೆ ಮಾಡಿದ್ದು ಎಂದು ಎಷ್ಟೋ ಸಂದರ್ಶನಗಳಲ್ಲಿ ಹೇಳಿದ್ದಾಳೆ.

ಈಗ ಅಚ್ಚಿಗೆ ಕೊಡುವ ಮುಂಚೆ ಪಾಲಯ್ಯನನ್ನು ಕೇಳಲೇಬೇಕೆಂದು ಹಟ ಹಿಡಿದಳು.

"ಹೌದು, ಜಾತಿಗೇ ಎದ್ದು ಹೋದೆ ಅಂದ್ರ ಏನ್ ಮಾಡ್ತಿ?" ಎಂದೆ.

"ಬರಿತೀನಿ."

"ಅಲ್ಲ ಅಂದ್ರ?"

"ಅದನ್ನೂ ಬರಿತೀನವ್ವ."

"ಹಂಗಾರ ನಾ ಸುಳ್ಳಿ ಆದೆ ಬಿಡು!"

ಹುಲುಗಪ್ಪ ಬರುವುದಿಲ್ಲವೆಂದು ಗೋಡೆ ಕಡೆ ಮುಖ ಮಾಡಿ ಮಲಗಿದರು. ನನಗೂ ಬೇಡವಾಗಿತ್ತು. ಆ ಮನುಷ್ಯ ಇಷ್ಟು ವರ್ಷದ ಮೇಲೆ ನನ್ನ ಮುಖಕ್ಕೇ ಹೌದು ಎಂದುಬಿಟ್ಟರೆ? ಅದನ್ನು ಇನ್ನೊಂದು ಸಲ ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ಆದರೆ ಮಗಳೊಬ್ಬಳನ್ನೇ ಕಳಿಸಲು ಮನಸ್ಸಾಗಲಿಲ್ಲ. ಆ ಮನೆಯ ಹನಿ ನೀರೂ ಮುಟ್ಟಬಾರದೆಂದು ಸಜ್ಜೆ ರೊಟ್ಟಿ, ಹೆಸರುಕಾಳು ಪಲ್ಯ ಡಬ್ಬಿಗೆ ಹಾಕಿಕೊಂಡೆ. ಕೊಟ್ಟೂರಿನಲ್ಲಿ ಕ್ರಾಂತಿ ಕಾರು ನಿಲ್ಲಿಸಿ ಮಂಡಕ್ಕಿ ಮಿರ್ಚಿ ತಂದರೂ ನಾನು ಮುಟ್ಟಲಿಲ್ಲ.

ಕೂಡ್ಲಿಗಿ ದಾಟಿ ಅವನ ಹಟ್ಟಿ. ಕಟ್ಟೆಯ ಮೇಲೆ ಕೂತಿದ್ದ, ಹಣ್ಣಾಗಿದ್ದ. ಹೆಂಡತಿ ಬೊಮ್ಮಮ್ಮ ಚೊಂಬಿನಲ್ಲಿ ನೀರು ತಂದರು.

"ಬ್ಯಾಡ್ರಿ," ಎಂದೆ. "ಹೊಟ್ಟಿ ಯಾಕೋ ಸರಿ ಇಲ್ಲ."

ಬೇಕೆಂದೇ ಅಂದೆ. ಪಾಲಯ್ಯನ ಮುಖ ಇಷ್ಟಾಯಿತು. ನನಗೆ ಒಳಗೊಳಗೇ ಸಮಾಧಾನವೂ ಆಯಿತು, ಸುಳ್ಳು ಯಾಕೆ ಹೇಳಲಿ.

ಕ್ರಾಂತಿ ಅಧ್ಯಾಯವನ್ನು ಪೂರ್ತಿ ಓದಿ ಹೇಳಿದಳು. ಸಭೆ ಎಲ್ಲಿ ನಡೆಯಿತು, ಯಾರು ಮಾತಾಡಿದರು, ಬಾಗಿಲಲ್ಲಿ ಯಾರಿದ್ದರು, ಎಲ್ಲ ಇತ್ತು. ಪಾಲಯ್ಯ ಕಣ್ಣು ಮುಚ್ಚಿ ಕೇಳಿದ.

"ಚೊಲೋ ಬರದೀಯವ್ವ," ಎಂದ. "ಆದ್ರ ತಟ್ಟ್ಯಾಗ ಏನಿತ್ತು ಅಂತ ಬರದಿಲ್ಲ."

ಕ್ರಾಂತಿ ನನ್ನ ಕಡೆ ತಿರುಗಿದಳು. "ಅವ್ವಾ, ಅವತ್ತು ಏನು ಮಾಡಿದ್ದಿ?"

"ಏನು ಮಾಡಿದ್ದೆ ಅಂದ್ರ? ಮನ್ಯಾಗಿದ್ದುದು ಒಂದೇ ಹ್ಯಾಟಿ ಕೋಳಿ, ದಿನಾ ತತ್ತಿ ಇಡಾದು. ನಿಮ್ಮಪ್ಪ ದೋಸ್ತ ಬಂದಾನಂತ ಅದನ್ನ ಕೊಯ್ದ. ಘಮ್ಮಂತ ಸಾರು ಮಾಡಿದ್ದೆ. ಮನಿಗೆ ಬಂದೋರಿಗೆ ಬರೇ ಕಾಳಿನ ಸಾರು ಹಾಕಬೇಕಿತ್ತೇನು?"

"ಅಯ್ಯಯ್ಯೋ ಅವ್ವಾ!" ಕ್ರಾಂತಿ ಹಣೆ ಚಚ್ಚಿಕೊಂಡಳು. "ಇವರು ಮ್ಯಾಸ ನಾಯಕರು. ಕೋಳಿ ಮುಟ್ಟಂಗಿಲ್ಲ!"

ನನಗೆ ನಂಬಿಕೆಯೇ ಬರಲಿಲ್ಲ. "ನಾಯಕರು ಕೋಳಿ ಉಣ್ಣಂಗಿಲ್ಲಂದ್ರ? ನಮ್ಮೂರ ನಾಯಕರು ಎಲುಬು ಸೈತ ಬಿಡಂಗಿಲ್ಲ!"

ಬೊಮ್ಮಮ್ಮ ನಕ್ಕರು. "ಅವರು ಊರ ನಾಯಕರು ತಂಗೀ. ನಾವು ದೇವರ ಎತ್ತು ಕಾಯೋರು. ಕುರಿ ಆದ್ರ ಬಿಡಂಗಿಲ್ಲ, ಕೋಳಿ ಮಾತ್ರ ಒಲ್ಲಿವಿ. ನೋಡ್ರಿ, ಈ ಹಟ್ಟ್ಯಾಗ ಒಂದು ಕೋಳಿ ಕೆದರೋದು ಕಾಣಸ್ತೈತೇನು?"

ನೋಡಿದೆ. ಕುರಿಮರಿ ಇತ್ತು, ಎತ್ತಿತ್ತು, ನಾಯಿ ಇತ್ತು. ಕೋಳಿ ಒಂದೂ ಇರಲಿಲ್ಲ.

"ಬಾಯಿ ಬಿಟ್ಟು ಹೇಳಾಕ ಏನಾಗಿತ್ತು ನಿಮಗ?" ಎಂದು ರೇಗಿದೆ. ಸಿಟ್ಟು ಇನ್ನೂ ಇತ್ತು, ಆದರೆ ಅದಕ್ಕೆ ಕಾಲೂರಲು ಜಾಗ ಸಿಗುತ್ತಿರಲಿಲ್ಲ.

"ಹೆಂಗ ಹೇಳ್ಲಿ ತಂಗೀ? ಇದ್ದೊಂದು ಕೋಳಿ ಕೊಯ್ದಿದ್ರಿ. ಒಲ್ಲೆ ಅಂದ್ರ ನೀವು ಮತ್ತ ಒಲಿ ಹಚ್ಚತಿದ್ರಿ. ಮನ್ಯಾಗ ಬ್ಯಾರೆ ಏನಿಲ್ಲ ಅಂತ ನನಗ ಕಾಣತಿತ್ತು. ಮರುದಿನ ಹೇಳೂಣು ಅಂದ್ಕೊಂಡೆ. ಅಷ್ಟ್ರಾಗ ಹುಲುಗ ಮೈಕ್ ಹಿಡದು ನನ್ನ ಜಾತಿ ಎತ್ತಿದ. ಇಷ್ಟೇ ಏನು ಇವ ನನ್ನ ತಿಳ್ಕೊಂಡಿದ್ದು ಅಂತ ನನಗೂ ಉರೀತು. ನಾನೂ ಹೋಗ್ಲಿಲ್ಲ."

ನನಗೆ ಅಳು ಬಂತು, ಅತ್ತುಬಿಟ್ಟೆ. ಜಾತಿಯ ಅವಮಾನ ನಾವು ಕಂಡಿಲ್ಲವೆಂದಲ್ಲ. ಹೇಳುತ್ತ ಕೂತರೆ ಕ್ರಾಂತಿಗೆ ಇನ್ನೊಂದು ಪುಸ್ತಕ ಬೇಕು. ಆದರೆ ಇದೊಂದು ಅದಲ್ಲ. ನನ್ನ ಕೈ ಅಡುಗೆಯನ್ನು ಆ ಮನುಷ್ಯ ಹೇಸಿ ಬಿಟ್ಟುಹೋಗಿರಲಿಲ್ಲ.

ಕ್ರಾಂತಿ ಹಾಳೆಗಳನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡಳು. "ಮಂತ್ರಿಗಳನ್ನೂ ಬಿಡದೆ ಪ್ರಶ್ನೆ ಕೇಳೀನಿ," ಎಂದಳು. "ನಮ್ಮವ್ವಗ ಏನು ಸಾರು ಅಂತ ಕೇಳ್ಲಿಲ್ಲ ನೋಡ್ರಿ."

ಪಾಲಯ್ಯಣ್ಣ ನನ್ನ ಮಡಿಲಲ್ಲಿದ್ದ ಡಬ್ಬಿಯ ಕಡೆ ಕೈ ತೋರಿಸಿದರು. "ಅದರಾಗ ಏನೈತಿ?"

"ಸಜ್ಜಿ ರೊಟ್ಟಿ. ಹೆಸರುಕಾಳು ಪಲ್ಯ."

"ತಾ ಇಲ್ಲಿ."

ಕಟ್ಟೆಯ ಮೇಲೆ, ಹೋಗಿಬರುವ ಹಟ್ಟಿಯ ಜನರೆಲ್ಲ ನೋಡುವಂತೆ ಕೂತು, ಡಬ್ಬಿ ಬಿಚ್ಚಿ ಉಂಡರು. ಹಲ್ಲಿಲ್ಲದ ಬಾಯಿ, ರೊಟ್ಟಿಯನ್ನು ಪಲ್ಯದಲ್ಲಿ ನೆನೆಸಿ ನೆನೆಸಿ ಉಂಡರು. ಒಂದು ಚೂರು ಬಿಡಲಿಲ್ಲ. ನಾನು ಬೊಮ್ಮಮ್ಮನ ಚೊಂಬು ಇಸಿದುಕೊಂಡು ಗಟಗಟ ನೀರು ಕುಡಿದೆ, ಆಮೇಲೆ ಅವರು ಬಡಿಸಿದ ಮುದ್ದೆಯನ್ನೂ ಉಂಡೆ.

ವಾಪಸು ಬರುವಾಗ ಕ್ರಾಂತಿ ಕೇಳಿದಳು, "ಮೂರನೇ ಅಧ್ಯಾಯ ತಗದುಬಿಡ್ಲೇನವ್ವ?"

"ಯಾಕ ತಗಿತಿ? ಕೋಳಿ ಸೇರಿಸು."

ಮನೆಗೆ ಬಂದಾಗ ಹುಲುಗಪ್ಪ ಬಾಗಿಲಲ್ಲೇ ನಿಂತಿದ್ದರು. ಕ್ರಾಂತಿ ಎಲ್ಲ ಹೇಳಿದಳು. ಅವರು ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ಮುಚ್ಚಳ ಬಿಚ್ಚಿ ನೋಡಿದರು.

"ಪೂರಾ ಉಂಡನೇನು?"

"ಪೂರಾ. ಬರೋ ಐತಾರ ಇಲ್ಲಿಗೇ ಬರ್ತಾರಂತ."

"ಉಣ್ಣಾಕ?"

"ಹೂಂನ್ರೀ, ಉಣ್ಣಾಕ."

ಖಾಲಿ ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು.

"ಕಾಳಿನ ಸಾರು ಮಾಡು ಬಸಲಿಂಗಿ," ಎಂದು ನನಗೆ ಹೇಳಿದರು. "ಬರೇ ಕಾಳಿನ ಸಾರು."