ಇಸ್ತ್ರಿ ಪೆಟ್ಟಿಗೆಯ ಮೇಲೆ ಹಾಕಿದ ತಪ್ಪು

ನನ್ನ ಅಕ್ಕ ಹೊಲಿಗೆಯವಳು. ಅಂಗಡಿಯ ಸಿದ್ಧ ಉಡುಪು ಕೂರದ ಮೈಗಳಿಗೆ ಮಾತ್ರ ಹೊಲಿಯುತ್ತಾಳೆ: ಬೆನ್ನು ಬಾಗಿದವರು, ಒಂದು ಭುಜ ಇಳಿದವರು, ಗಾಲಿಕುರ್ಚಿ ಬಿಟ್ಟೇಳಲಾಗದವರು. ಒಬ್ಬೊಬ್ಬರ ಅಳತೆಗೂ ಬಟ್ಟೆ ಕತ್ತರಿಸುವ ನಕ್ಷೆಯ ಒಂದೊಂದು ಪ್ಯಾಟರ್ನ್ ಮಾಡಿ ಕಂಪ್ಯೂಟರಿನಲ್ಲಿ ಇಟ್ಟಿದ್ದಳು. ಆರು ವರ್ಷಗಳಲ್ಲಿ ಇನ್ನೂರ ಹನ್ನೆರಡು ಜನ. ಒಂದು ಸಲ ಅಳತೆ ಕೊಟ್ಟವರು ಮತ್ತೆ ಮೈ ತೋರಿಸಿ ನಿಲ್ಲಬೇಕಾಗಿರಲಿಲ್ಲ. ಅವಳ ಹತ್ತಿರ ಬರುತ್ತಿದ್ದದ್ದೇ ಅದಕ್ಕೆ.

ಆ ಕಂಪ್ಯೂಟರ್ ಒಂದು ಭಾನುವಾರ ಬೆಳಿಗ್ಗೆ ಏಳಲಿಲ್ಲ. ಕಪ್ಪು ಸ್ಕ್ರೀನು, ಮೂಲೆಯಲ್ಲಿ ಮಿಟುಕುವ ಒಂದು ಗೆರೆ, ಅಷ್ಟೇ.

ನಾನು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ದುಡಿಯುವವನು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟೆ. ಯಾಕೆ ಬಿಟ್ಟೆ ಎಂದು ಕೇಳಿದವರಿಗೆಲ್ಲ ಹಲ್ಲು ಕಚ್ಚಿ ಉತ್ತರ ಕೊಟ್ಟೂ ಕೊಟ್ಟೂ ನನ್ನ ದವಡೆ ಗಟ್ಟಿಯಾಗಿದೆ. ಭಾವ ಮಾತ್ರ ಕೇಳುತ್ತಿರಲಿಲ್ಲ, ಚುಚ್ಚುತ್ತಿದ್ದರು.

"ಬಂದ್ರು ನೋಡು, ಒಂಬತ್ತನೇ ಕ್ಲಾಸಿನ ಡಾಕ್ಟರು," ಎಂದರು, ಇಸ್ತ್ರಿಯ ಬಟ್ಟೆಗೆ ನೀರು ಚಿಮುಕಿಸುತ್ತ. "ಓದಿದವರ ಹತ್ರ ತಗೊಂಡು ಹೋಗೋಣ ಅಂದ್ರೆ ಇವಳು ಕೇಳಲ್ಲ."

"ಓದಿದವರು ಯಾರಾದ್ರೂ ಬಾಗಿಲಲ್ಲಿ ಕಾಯ್ತಿದ್ರೆ ಹೇಳಿ ಭಾವ, ನಾನು ಹೊರಡ್ತೀನಿ."

"ಇಬ್ರೂ ಬಾಯಿ ಮುಚ್ಕೊಳ್ಳಿ," ಅಕ್ಕ ಅಂದಳು. "ಏನಾಗಿದೆ ನೋಡೋ."

ಚೀಲದಿಂದ ಲೈವ್ ಡಿಸ್ಕ್ ತೆಗೆದೆ. ನಮ್ಮ ಕಸುಬಿನಲ್ಲಿ ಅದಕ್ಕಿಂತ ನಂಬಿಕಸ್ತ ಇನ್ನೊಂದಿಲ್ಲ. ಒಳಗಿನ ಹಾರ್ಡ್‌ಡಿಸ್ಕನ್ನು ಮುಟ್ಟದೆ, ಆ ಬಿಲ್ಲೆಯ ಬಲದಿಂದಲೇ ಯಂತ್ರ ಎದ್ದು ಕೂರುತ್ತದೆ. ಹಳೆಯ ಕಂಪ್ಯೂಟರ್ ಕೊಳ್ಳುವ ಮುಂಚೆ ಹಾಕಿ ಪರೀಕ್ಷೆ ಮಾಡಬಹುದು. ಒಳಗಿನದೆಲ್ಲ ಕೆಟ್ಟು ಕೂತಿದ್ದರೂ ಫೈಲುಗಳನ್ನು ಎಳೆದು ಹೊರಗೆ ಹಾಕಬಹುದು. ಒಂದೇ ಮಾತು ನೆನಪಿರಬೇಕು: ಅದು ತೋರಿಸುವ ಡೆಸ್ಕ್‌ಟಾಪ್ ಬಾಡಿಗೆಯದು. ಅಲ್ಲಿಟ್ಟದ್ದು ಯಂತ್ರ ಆರಿದೊಡನೆ ಹೋಯಿತು. ಉಳಿಸಬೇಕಾದ್ದನ್ನು ಪೆನ್‌ಡ್ರೈವಿಗೆ ಹಾಕಬೇಕು. ಅಂಗಡಿಗೆ ಹೊಸದಾಗಿ ಸೇರಿದವರಿಗೆ ಇದನ್ನು ಹೇಳಿಕೊಡುವವನು ನಾನೇ.

ಎರಡು ನಿಮಿಷದಲ್ಲಿ ಸ್ಕ್ರೀನು ಬೆಳಗಿತು. ಪ್ಯಾಟರ್ನ್ ಫೋಲ್ಡರ್ ತೆರೆದೆ. ಇನ್ನೂರ ಹನ್ನೆರಡೂ ಇದ್ದವು. ಅಕ್ಕ ಕುರ್ಚಿಯ ಬೆನ್ನು ಹಿಡಿದು ಉಸಿರು ಬಿಟ್ಟಳು.

"ನನ್ನ ತಮ್ಮ," ಎಂದಳು.

"ಆ ಬಿಲ್ಲೆ ಮಾಡಿದವನು ಓದಿರ್ತಾನೆ," ಎಂದರು ಭಾವ. "ಇವನು ತೂರಿಸಿದ, ಅಷ್ಟೇ."

ಕೋಪ ಬಂದರೆ ನನಗೆ ಕಣ್ಣು ಕಾಣುವುದಿಲ್ಲ. ಅದನ್ನೇ ಇಷ್ಟು ವರ್ಷ ಗಂಡಸುತನ ಅಂದುಕೊಂಡಿದ್ದೆ. ಫೋಲ್ಡರನ್ನು ಕಾಪಿ ಮಾಡಿ ಎದುರಿಗೆ ಕಂಡ ಡೆಸ್ಕ್‌ಟಾಪಿಗೆ ಹಾಕಿದೆ. ಭಾವನ ಬಾಯಿ ಮುಚ್ಚಿಸುವಂಥ ಮಾತೊಂದನ್ನು ಮನಸ್ಸಿನಲ್ಲಿ ಮಸೆಯುತ್ತಲೇ ಹಾರ್ಡ್‌ಡಿಸ್ಕನ್ನು ಪೂರ್ತಿ ಅಳಿಸಿ ಯಂತ್ರ ನಡೆಸುವ ಸಾಫ್ಟ್‌ವೇರನ್ನು ಹೊಸದಾಗಿ ತುಂಬಲು ಬಿಟ್ಟೆ. ನಡುವೆ ಭಾವ ಇಸ್ತ್ರಿ ಪೆಟ್ಟಿಗೆಯ ಪ್ಲಗ್ ಚುಚ್ಚಿದರು. ದೀಪ ಒಮ್ಮೆ ಮಂಕಾಗಿ ಸರಿಹೋಯಿತು. ಕೆಲಸ ಮುಗಿದ ಮೇಲೆ ಆರಿಸಿ ಮತ್ತೆ ಹಚ್ಚಿದೆ.

ಡೆಸ್ಕ್‌ಟಾಪ್ ಬೋಳಾಗಿತ್ತು.

ಏನು ಮಾಡಿದೆನೆಂದು ಆ ಕ್ಷಣವೇ ತಿಳಿಯಿತು. ಪೆನ್‌ಡ್ರೈವ್ ಚೀಲದಲ್ಲೇ ಇತ್ತು.

"ಎಲ್ಲಿ?" ಅಕ್ಕ ಕೇಳಿದಳು.

"ಭಾವ ಇಸ್ತ್ರಿ ಪೆಟ್ಟಿಗೆ ಹಾಕಿದ್ರಲ್ಲ," ಎಂದೆ. "ಕರೆಂಟ್ ಜಗ್ಗಿತು. ಡಿಸ್ಕಲ್ಲಿದ್ದದ್ದೆಲ್ಲ ಹೋಯ್ತು."

ಜಗಳಕ್ಕೆ ಬರುತ್ತಾರೆಂದುಕೊಂಡಿದ್ದೆ. ಬಂದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಭಾವ ಪ್ಲಗ್ ಕಿತ್ತು, ವೈರನ್ನು ಕೈಯಲ್ಲೇ ಹಿಡಿದುಕೊಂಡು, "ನಂಗೆ ಗೊತ್ತಾಗ್ಲಿಲ್ಲ ಕಣೇ," ಎಂದರು ಅಕ್ಕನಿಗೆ.

ಹಾರ್ಡ್‌ಡಿಸ್ಕನ್ನು ಅಂಗಡಿಗೆ ಒಯ್ದು ಮೂರು ದಿನ ಕೆದಕಿದೆ. ಸಿಕ್ಕಿದ್ದು ಚೂರುಪಾರು, ಒಂದು ತೋಳಿನ ಪ್ಯಾಟರ್ನೂ ಪೂರ್ತಿ ಬರಲಿಲ್ಲ.

ಅಕ್ಕ ಒಬ್ಬೊಬ್ಬರನ್ನೇ ಕರೆಸಿ ಮತ್ತೆ ಅಳೆಯತೊಡಗಿದಳು. ಭಾವ ಬಾಗಿಲಲ್ಲೇ ನಿಂತು ಬಂದವರಿಗೆಲ್ಲ ತಪ್ಪು ತಮ್ಮದೆಂದು ಹೇಳಿ ಒಳಗೆ ಬಿಡುತ್ತಿದ್ದರು. ನನ್ನನ್ನು ಚುಚ್ಚುವುದನ್ನೂ ನಿಲ್ಲಿಸಿದರು.

ಎರಡು ತಿಂಗಳು ಕಳೆದು ಪ್ರಿಂಟರ್ ಸರಿಮಾಡಲು ಹೋಗಿದ್ದೆ. ಗ್ರಂಥಾಲಯದಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಅಳತೆಗೆ ಬಂದಿದ್ದರು. ಅಕ್ಕ ಪರದೆಯ ಆಚೆಯಿಂದ ಅಂಕಿ ಹೇಳುತ್ತಿದ್ದಳು, ಈಚೆ ಕೂತ ಭಾವ ಬರೆದುಕೊಳ್ಳುತ್ತಿದ್ದರು.

"ಇನ್ಯಾರಿಗೂ ಈ ಬೆನ್ನು ತೋರಿಸೋದಿಲ್ಲ ಅಂದ್ಕೊಂಡಿದ್ದೆ," ಆ ಹೆಂಗಸಿನ ದನಿ ಬಂತು. ಯಾರನ್ನೂ ಬೈದದ್ದಲ್ಲ.

"ನನ್ನಿಂದ ಆಗಿದ್ದು. ಕ್ಷಮಿಸಿ ಅಮ್ಮ," ಎಂದರು ಭಾವ.

"ಅವರಿಂದಲ್ಲ," ಎಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು. "ನಾನು ಕಾಪಿ ಮಾಡಿದ್ದು ಉಳಿಯದ ಜಾಗಕ್ಕೆ. ಆಮೇಲೆ ಡಿಸ್ಕ್ ಅಳಿಸಿದೆ. ಇಸ್ತ್ರಿ ಪೆಟ್ಟಿಗೆಗೂ ಅದಕ್ಕೂ ಸಂಬಂಧ ಇಲ್ಲ."

ಭಾವ ಪೆನ್ನಿನ ಮುಚ್ಚಳ ಹಾಕಿದರು. ಬೈಗುಳಕ್ಕೆ ಮೈ ಒಡ್ಡಿ ನಿಂತೆ.

"ಸಂಬಂಧವೇ ಇಲ್ವಾ?" ಎಂದರು ಮೆಲ್ಲಗೆ. "ಎರಡು ತಿಂಗಳಿಂದ ಪಕ್ಕದ ಮನೇಲಿ ಇಸ್ತ್ರಿ ಮಾಡ್ಕೊಂಡು ಬರ್ತಿದೀನಿ ಕಣೋ."

ನೆಲ ನೋಡಿದೆ. ಅಲ್ಲಿ ದಾರದ ತುಂಡುಗಳು ಬಿಟ್ಟರೆ ಏನೂ ಇರಲಿಲ್ಲ.

"ಸಾಕು ರೀ, ನೀವು ಬರೆದಿದ್ದು," ಅಕ್ಕ ಒಳಗಿನಿಂದಲೇ ಅಂದಳು. "ಪುಸ್ತಕ ಅವನ ಕೈಗೆ ಕೊಡಿ. ಮುಗಿಯೋವರೆಗೂ ಪ್ರತಿ ಭಾನುವಾರ ಬಂದು ಅವನೇ ಬರೀಲಿ. ಬಾಗಿಲಲ್ಲಿ ನಿಂತು ಹೇಳೋದೂ ಅವನೇ ಹೇಳ್ಲಿ."

"ಬೇಗ ಶುರು ಮಾಡಪ್ಪ," ಎಂದರು ಗ್ರಂಥಾಲಯದವರು. "ಕೈ ಎತ್ಕೊಂಡೇ ನಿಂತಿದೀನಿ."

ಪುಸ್ತಕ ತೆಗೆದುಕೊಂಡೆ. ಅಕ್ಕ ಎಡಭುಜದ ಅಂಕಿ ಹೇಳಿದಳು. ಕಿವಿ ಗುಂಯ್‌ಗುಡುತ್ತಿತ್ತು, ಸರಿಯಾಗಿ ಕೇಳಿಸಲಿಲ್ಲ.

"ಇನ್ನೊಂದು ಸಲ ಅಕ್ಕ," ಎಂದೆ.

"ಇನ್ನೊಂದು ಸಲ ಅನ್ನೋ ಮಾತು ನೀನು ಆಡ್ಬೇಡ," ಎಂದಳು.