ಗಿಡ್ಡಮ್ಮ ಬಡಿದ ನೀರಿನ ಜಾಡಿ

೧೯೯೮ರ ಚಳಿಗಾಲದಲ್ಲಿ ಬಾಗಳಿಯ ಕಲ್ಲೇಶ್ವರ ಗುಡಿಯ ಕಂಬಗಳ ಚಿತ್ರ ಬರೆಯಲು ಜಪಾನಿನಿಂದ ಮಿಚಿಕೊ ಎಂಬ ಹೆಂಗಸು ಬಂದಿದ್ದಳು. ಹೊರಡುವ ಮುಂಚೆ ಊರವರಿಗೆ ತನ್ನ ದೇಶದ ಪದ್ಧತಿಯಂತೆ ಚಹಾ ಮಾಡಿ ಕೊಡಬೇಕೆಂಬುದು ಅವಳ ಆಸೆ. ಆದರೆ ಆ ಚಹಾಕ್ಕೆ ತಣ್ಣೀರು ತುಂಬಿಡುವ ಮಣ್ಣಿನ ಜಾಡಿ ಬಸ್ಸಿನ ಕುಲುಕಾಟಕ್ಕೆ ಒಡೆದುಹೋಗಿತ್ತು. ದುಭಾಷಿಯಾಗಿದ್ದ ಹರಪನಹಳ್ಳಿಯ ಕಾಲೇಜು ಮೇಡಂ ಅಮೃತಾ, ಚೂರುಗಳ ಗಂಟಿನ ಸಮೇತ ಅವಳನ್ನು ಕುಂಬಾರ ಪಕ್ಕೀರಪ್ಪನ ಅಂಗಳಕ್ಕೆ ಕರೆತಂದಳು.

ಪಕ್ಕೀರಪ್ಪನ ಅತ್ತಿಗೆ ಗಿಡ್ಡಮ್ಮ ಅಲ್ಲೇ ಮಣ್ಣು ತುಳಿಯುತ್ತಿದ್ದಳು. ಗಂಡ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ತಿಗರಿಯ ಚಕ್ರ ತಿರುಗಿಸುವುದು ಗಂಡಸರದು, ಮಣ್ಣು ತುಳಿಯುವುದು, ಗಡಿಗೆಯ ತಳ ಬಡಿದು ಮುಚ್ಚುವುದು ಅವಳದು. ಸಂತೆಯಲ್ಲಿ ಮಾತ್ರ ಎಲ್ಲವೂ ಪಕ್ಕೀರಪ್ಪನ ಗಡಿಗೆಗಳೇ.

"ಮುಚ್ಚಳ ತೆಗಿವಾಗ ಸಪ್ಪಳ ಆಗಬಾರದಂತ್ರಿ, ಅಲುಗಾಡಲೂಬಾರದಂತ," ಎಂದಳು ಅಮೃತಾ.

"ಅದೇನ್ ದೊಡ್ಡದು, ಬಿಡ್ರಿ," ಎಂದ ಪಕ್ಕೀರಪ್ಪ.

ಅವನು ತಿರುಗಿಸಿದ ಜಾಡಿ ದುಂಡಗೆ ಚೆಂದವಾಗಿತ್ತು. ಸುಡುವ ಆವಿಗೆಯಿಂದ ಹೊರಬಂದಾಗ ಮುಚ್ಚಳ ಸೊಟ್ಟಗಾಗಿತ್ತು. ಎರಡನೆಯದೂ ಹಾಗೇ ಆಯಿತು. "ನಮ್ಮ ಮಣ್ಣಿಗೆ ಇದು ಒಗ್ಗಂಗಿಲ್ಲ," ಎಂದು ಅವನು ಕೈಚೆಲ್ಲಿದ. ಮಿಚಿಕೊಳ ಪಯಣಕ್ಕೆ ಇನ್ನು ಹದಿನೈದೇ ದಿನ.

ಗಿಡ್ಡಮ್ಮ ಮಿಚಿಕೊಳ ಒಡೆದ ಜಾಡಿಯ ಚೂರುಗಳನ್ನು ಬೆಳಕಿಗೆ ಹಿಡಿದು ನೋಡಿದಳು. ಬಾಯಂಚಿನಲ್ಲೂ ಮುಚ್ಚಳದ ಅಂಚಿನಲ್ಲೂ ಒಂದೇ ತೆರನಾದ ಬೂದಿಯ ಕಲೆ.

"ಪಕ್ಕೀರಪ್ಪ, ಇವೆರಡೂ ಜೋಡಿಲೇ ಸುಟ್ಟಾವ. ಬ್ಯಾರೆ ಬ್ಯಾರೆ ಸುಟ್ರ ಒಂದೊಂದು ಒಂದೊಂದು ಕಡಿ ವಾಲತಾವ. ಮುಚ್ಚಳ ಮ್ಯಾಲಿಟ್ಟು, ಕಚ್ಚಿಕೊಳ್ಳದಂಗ ನಡುವ ಬೂದಿ ಉದುರಿಸಿ ಸುಡಬೇಕು. ನಾ ಮಾಡಿ ನೋಡ್ತೀನಿ."

"ತಿಗರಿ ಮುಟ್ತೀಯೇನು ಅತ್ತಿಗಿ?"

"ತಿಗರಿ ಯಾಕ ಬೇಕು? ಬಡಿಯಾಕ ನನಗ ಕೈ ಅದಾವಲ್ಲ."

ಒಳಗೆ ಉರುಟು ಕಲ್ಲು ಹಿಡಿದು, ಹೊರಗೆ ಮರದ ಹಲಗೆಯಿಂದ ಬಡಿಯುತ್ತ ಅವಳು ಎರಡು ದಿನ ಜಾಡಿಯನ್ನು ಎತ್ತರಿಸಿದಳು. ಅದರ ಬಾಯಿಯ ಅಳತೆಗೇ ಮುಚ್ಚಳ ತಟ್ಟಿ, ಜೋಡಿಯಾಗಿಯೇ ನೆರಳಲ್ಲಿ ಒಣಗಿಸಿದಳು. ಎಂಟನೆಯ ದಿನ ಆವಿಗೆಗೆ ಬೆಂಕಿ ಬಿತ್ತು.

ಆವಿಗೆ ತೆರೆದಾಗ ಮುಚ್ಚಳ ಬಾಯಿಗೆ ಕಚ್ಚಿಕೊಂಡಿತ್ತು. ಗಿಡ್ಡಮ್ಮ ಅಂಗೈಯಿಂದ ಮೆಲ್ಲಗೆ ಎರಡು ಸಲ ತಟ್ಟಿ ತಿರುಗಿಸಿದಳು. ಮುಚ್ಚಳ ಸದ್ದಿಲ್ಲದೆ ಮೇಲೆದ್ದು ಬಂತು.

ಜಾಡಿಯ ಮೈತುಂಬ ಹಲಗೆಯ ಏಟಿನ ಗುರುತುಗಳಿದ್ದವು. ಗಿಡ್ಡಮ್ಮನಿಗೆ ಅದೇ ಅಳುಕು. ಮಿಚಿಕೊ ಅದನ್ನು ನೀರಲ್ಲಿ ನೆನೆಸಿ ಹೊರತೆಗೆದಳು. ಒದ್ದೆಯಾದ ಗುರುತುಗಳು ಕಪ್ಪಗೆ ಮಿನುಗಿದವು. ಅವುಗಳ ಮೇಲೆ ಬೆರಳಾಡಿಸುತ್ತ ಅವಳು ಅಮೃತಾಳಿಗೆ ಏನೋ ಹೇಳಿದಳು. "ಇಷ್ಟು ಚೆಂದದ್ದು ತಮ್ಮ ಮನ್ಯಾಗಿಲ್ಲಂತ ಹೇಳಾಕತ್ಯಾರ," ಎಂದಳು ಅಮೃತಾ.

ಶಾಲೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಚಹಾ ಮಾಡಿದ ದಿನ ಮಿಚಿಕೊ ಮೊದಲ ಅತಿಥಿಯ ಜಾಗದಲ್ಲಿ ಗಿಡ್ಡಮ್ಮನನ್ನೇ ಕೂರಿಸಿದಳು. ಹಸಿರು ಚಹಾ ಬೇವಿನಂತೆ ಕಹಿ. ಗಿಡ್ಡಮ್ಮ ಮುಖ ಸಿಂಡರಿಸದೆ ಕುಡಿದಳು. ಕಡೆಗೆ ಅತಿಥಿಗಳು ಪಾತ್ರೆ ಮಾಡಿದವರ ಹೆಸರು ಕೇಳುವುದು ಅವರ ಪದ್ಧತಿಯೆಂದು ಅಮೃತಾ ಹೇಳಿದಳು.

"ಕೇಳೋದೇನೈತಿ, ಪಕ್ಕೀರಪ್ಪಂದ ಅಲ್ಲೇನು?" ಎಂದರು ಊರ ಹಿರಿಯ ಗುರುಸಂಗಪ್ಪನವರು.

ಪಕ್ಕೀರಪ್ಪ ಎದ್ದು ನಿಂತ. "ನನ್ನ ಕೈಲಿ ಆಗಲಿಲ್ರಿ ಗೌಡ್ರ. ಇದನ್ನ ಮಾಡಿದಾಕಿ ನಮ್ಮ ಅತ್ತಿಗಿ ಗಿಡ್ಡಮ್ಮ."

ಮಿಚಿಕೊ ಎರಡೂ ಕೈ ಚಾಪೆಗೆ ಊರಿ, ಗಿಡ್ಡಮ್ಮನಿಗೆ ತಲೆಬಾಗಿ ನಮಸ್ಕರಿಸಿದಳು. ಪಡಸಾಲೆ ತುಂಬ ಚಪ್ಪಾಳೆ. ಇಂಥವೇ ಇನ್ನೂ ಆರು ಬೇಕಂತೆ ಎಂದಳು ಅಮೃತಾ.

ಗಿಡ್ಡಮ್ಮ ಬೆನ್ನು ನೆಟ್ಟಗೆ ಮಾಡಿ ಕೂತಳು.

"ಮಾಡ್ತೀನಿ ಅನ್ರಿ ಮೇಡಂ. ಆದ್ರ ನನಗ ಅವಸರ ಮಾಡಬಾರದು."