ಮೊಣಕಾಲ ಕೆಳಗಿನ ದಿಂಬು

ಮಸ್ಕತ್ತಿನ ಆಸ್ಪತ್ರೆಯಲ್ಲಿ ಸಂಗ್ರಾಮನ ಎಡ ಮೊಣಕಾಲಿನ ಆಪರೇಷನ್ ಆಗಿ ಮನೆಗೆ ಕಳಿಸುವ ದಿನ, ವ್ಯಾಯಾಮ ಮಾಡಿಸುವ ಕೇರಳದ ಹೆಣ್ಣುಮಗಳು ಅವನಿಗೆ ಏನೂ ಹೇಳಲಿಲ್ಲ. ಹೇಳಬೇಕಾದದ್ದನ್ನೆಲ್ಲ ಅವನ ಹೆಂಡತಿ ಉಜ್ವಲಾಳಿಗೆ ಹೇಳಿದಳು, ಹರಕು ಹಿಂದಿಯಲ್ಲಿ, ಎರಡೆರಡು ಸಲ. ದಿನಾ ಕಾಲು ಮಡಚಿಸಬೇಕು. ಅವನು ಕೂಗುತ್ತಾನೆ, ಬಿಡಬಾರದು. ಮಲಗಿದಾಗ ಕಾಲು ನೆಟ್ಟಗೆ ಚಾಚಿರಬೇಕು. ಮೊಣಕಾಲಿನ ಕೆಳಗೆ ದಿಂಬು ಇಡಲೇಬಾರದು. ಇಟ್ಟರೆ ಹಾಯೆನಿಸುತ್ತದೆ, ಆದರೆ ಕಾಲು ಅರ್ಧ ಮಡಚಿದಲ್ಲೇ ಬಿಗಿದು ನಿಂತುಬಿಡುತ್ತದೆ. ಆಮೇಲೆ ಟ್ರೇಲರಿನ ಕ್ಲಚ್ ಒತ್ತುವುದನ್ನು ಮರೆಯಬೇಕು.

"ಗಂಡನ ಮೇಲೆ ಕನಿಕರ ಪಡಬೇಡ," ಎಂದು ಅವಳು ನಕ್ಕಳು.

"ಪಡೂದಿಲ್ಲ," ಎಂದಳು ಉಜ್ವಲಾ.

ಸಂಗ್ರಾಮ ಅಥಣಿಯವನು. ಊರಲ್ಲಿ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಒಮಾನಿಗೆ ಬಂದು ಟ್ರೇಲರ್ ಹಿಡಿದಿದ್ದ. ಕಂಪನಿಯ ಅಂಗಳದಲ್ಲಿ ಗಾಡಿಯಿಂದ ಇಳಿಯುವಾಗ ಕಾಲು ತಿರುಚಿ ಬಿದ್ದಿದ್ದ. ಕಾಲು ಸರಿಹೋದರೆ ಕೆಲಸ ಉಳಿಯುತ್ತದೆ, ಇಲ್ಲವಾದರೆ ಊರಿಗೆ ಕಳಿಸುತ್ತೇವೆ ಎಂದು ಕಂಪನಿಯವರು ಮೊದಲೇ ಹೇಳಿದ್ದರು.

ಮನೆಗೆ ಬಂದ ಮರುದಿನ ಉಜ್ವಲಾ ಅವನ ಹಿಮ್ಮಡಿ ಹಿಡಿದು ಮೆಲ್ಲಗೆ ಮಡಚಿದಳು. ಸಂಗ್ರಾಮ ಓಣಿಗೆಲ್ಲ ಕೇಳುವಂತೆ ಒದರಿದ.

"ಬಿಡಲೇ! ಜೀವಾ ತಗೀತಿ ಏನ?"

"ಆಸ್ಪತ್ರ್ಯಾಗಿನ ಆಕಿ, ಬಿಡಬ್ಯಾಡ ಅಂದಾಳ್ರಿ."

"ಆಕಿ ಮಾತ ಕೇಳ್ತೀಯೋ, ನನ್ನ ಮಾತ ಕೇಳ್ತೀಯೋ?"

ಉಜ್ವಲಾಳ ಕೈ ಅಲ್ಲೇ ನಿಂತಿತು. ಈ ಪ್ರಶ್ನೆ ಅವಳ ಕಿವಿಗೆ ಮೊದಲೊಮ್ಮೆ ಬಿದ್ದಿತ್ತು.

ಎರಡು ವರ್ಷದ ಹಿಂದೆ, ಅಥಣಿ ಹತ್ತಿರದ ತವರೂರು ಅನಂತಪುರದಲ್ಲಿ ಅವಳ ಅಪ್ಪ ಭರಮು ತೀರಿಕೊಂಡಾಗ ತಮ್ಮ ಮಾಯಪ್ಪ ಫೋನು ಮಾಡಿದ್ದ. "ಅಕ್ಕಾ, ನಾಳಿ ಸಂಜಿಮಟಾ ನಿನ್ನ ಹಾದಿ ನೋಡ್ತೇವಿ. ಹೆಂಗರೆ ಮಾಡಿ ಬಾ," ಎಂದು ಅತ್ತಿದ್ದ. ಅವಳು ಚೀಲಕ್ಕೆ ಸೀರೆ ತುಂಬುತ್ತಿದ್ದಾಗ ಸಂಗ್ರಾಮ ಫೋನು ಕಸಿದುಕೊಂಡ. "ಆಕಿಗೆ ಬರಾಕ ಆಗೂದಿಲ್ಲೋ ಮಾಯಪ್ಪಾ. ನೀವ ಮಣ್ಣ ಮಾಡಿಬಿಡ್ರಿ," ಎಂದು ಹೇಳಿ ಇಟ್ಟ. ಆಮೇಲೆ ಅವಳ ಕಡೆ ತಿರುಗಿದ.

"ನಾಳಿ ಫೋರ್‌ಮನ್ ಊಟಕ್ಕ ಬರಾವ ಅದಾನ. ಹೋಳಗಿ ಮಾಡಾವ್ರ್ಯಾರ, ನಿಮ್ಮಪ್ಪ ಎದ್ದ ಬಂದ ಮಾಡ್ತಾನೇನ? ತಮ್ಮನ ಮಾತ ಕೇಳ್ತೀಯೋ, ನನ್ನ ಮಾತ ಕೇಳ್ತೀಯೋ?"

ಪಾಸ್‌ಪೋರ್ಟು ಅವನ ಕಪಾಟಿನಲ್ಲಿತ್ತು, ಕೀಲಿ ಅವನ ಪ್ಯಾಂಟಿನ ಜೇಬಿನಲ್ಲಿ. ಮರುದಿನ ಅನಂತಪುರದ ಹೊಲದಲ್ಲಿ ದೂರದ ಬೀಗರು ಸಹ ಭರಮುವಿನ ಮೇಲೆ ಒಂದೊಂದು ಹಿಡಿ ಮಣ್ಣು ಹಾಕಿದರು. ಅವನ ಮಗಳು ಮಸ್ಕತ್ತಿನಲ್ಲಿ ಹೋಳಿಗೆ ಲಟ್ಟಿಸಿದಳು. ಫೋರ್‌ಮನ್ ಬೆರಳು ನೆಕ್ಕುತ್ತಿದ್ದರೆ ಸಂಗ್ರಾಮ, "ನಮ್ಮಾಕಿ ಕೈ ಅಂದ್ರ ಕೈ," ಎಂದು ಹೆಮ್ಮೆಪಟ್ಟಿದ್ದ.

"ನಿಮ್ಮ ಮಾತ ಕೇಳ್ತೀನ್ರಿ," ಎಂದು ಉಜ್ವಲಾ ಈಗ ಅವನ ಕಾಲು ಬಿಟ್ಟಳು.

ಅಂದಿನಿಂದ ಅವನ ಒಂದು ಮಾತನ್ನೂ ಅವಳು ಮೀರಲಿಲ್ಲ. ಸಾಕು ಅಂದರೆ ಸಾಕು. ಇವತ್ತು ಬೇಡ ಅಂದರೆ ಬೇಡ. ಆಸ್ಪತ್ರೆಯಿಂದ ಫೋನು ಬಂದರೆ, "ಮನ್ಯಾಗ ಮಾಡಾಕತ್ತೇವಿ ಅಂತ ಹೇಳ," ಎನ್ನುತ್ತಿದ್ದ, ಹಾಗೆಯೇ ಹೇಳುತ್ತಿದ್ದಳು. ಅಷ್ಟರಲ್ಲಿ ಅಥಣಿಯಿಂದ ಅತ್ತೆ ಸೋನಾಬಾಯಿಯ ಉಪದೇಶವೂ ಫೋನಿನಲ್ಲಿ ಬಂತು.

"ಏ ಉಜ್ವಲಾ, ನನ್ನ ಪೋರನ ಕಾಲ ಹಿಚುಕ್ಯಾಡಿ ಮುರದಗಿರದೀ ಮತ್ತ! ಬಾಣಂತಿ ಜ್ವಾಪಾನ ಮಾಡಿದಂಗ ಮಾಡ. ಮೊಣಕಾಲ ಬುಡಕ ಮೆತ್ತಂದ ದಿಂಬ ಇಡ. ಅಲಗ್ಯಾಡಸಬ್ಯಾಡ."

"ಇಡ್ತೀನ್ರಿ ಅತ್ತಿ."

ಒಂದಲ್ಲ, ಎರಡು ಇಟ್ಟಳು. ಸಂಗ್ರಾಮ ಕಣ್ಣು ಮುಚ್ಚಿ, "ಹಾ, ಈಗ ನೋಡ ಹಗೂರ ಆತ," ಎಂದ. ನೋಡಲು ಬಂದ ಜೊತೆಯ ಡ್ರೈವರ್, ನಿಪ್ಪಾಣಿಯ ಗುಡುಸಾಬ, "ಭಾಬಿ ಇರೂದಕ್ಕ ನಿನ್ನ ನಸೀಬ ಚಲೋ ಐತಿ ನೋಡಪಾ, ನಮ್ಮನಿಯಾಕಿ ಆಗಿದ್ರ ನನ್ನ ಕಾಲ ಮ್ಯಾಲ ಕುಂತ ಟೀವಿ ನೋಡಾಕಿ," ಎಂದು ನಗಿಸಿ ಹೋದ.

ಒಂದು ಸಂಜೆ ಮಾತ್ರ ಅವಳ ಮನಸ್ಸು ಅಲುಗಿತು. ಬಚ್ಚಲಿಗೆ ಹೋಗಲು ಎದ್ದ ಸಂಗ್ರಾಮ ಗೋಡೆಗೆ ಒರಗಿ ಕುಸಿದು ಹುಡುಗರಂತೆ ಅತ್ತ. ಅವನನ್ನು ಎತ್ತಿ ಮಲಗಿಸಿ ಉಜ್ವಲಾ ದಿಂಬುಗಳನ್ನು ಬದಿಗೆ ಸರಿಸಿದಳು. ಇವತ್ತಿನಿಂದ ಮಡಚಿಸಬೇಕು ಎಂದುಕೊಂಡಳು. ಸಂಗ್ರಾಮ ಮೂಗು ಒರೆಸಿಕೊಂಡು, "ಬಾಯಿ ಕೆಟ್ಟೈತಿ. ನಾಳಿ ಹೋಳಗಿ ಮಾಡ," ಎಂದ.

"ಆತ್ರಿ," ಎಂದು ದಿಂಬುಗಳನ್ನು ತಿರುಗಿ ಇಟ್ಟಳು.

ಕಂಪನಿಯ ಡಾಕ್ಟರು ಬಂದು ನೋಡುವ ಹೊತ್ತಿಗೆ ಕಾಲು ಪೂರಾ ಮಡಚುತ್ತಿರಲಿಲ್ಲ, ಪೂರಾ ಚಾಚುತ್ತಲೂ ಇರಲಿಲ್ಲ. ತುಕ್ಕು ಹಿಡಿದ ಬಾಗಿಲಿನ ಅಗುಳಿಯಂತೆ ನಡುವೆ ಸಿಕ್ಕಿಕೊಂಡಿತ್ತು. ಕಂಪನಿಯವರು ವೀಸಾ ರದ್ದು ಮಾಡಿ ಸಂಗ್ರಾಮನನ್ನು ಊರಿಗೆ ಕಳಿಸಿದರು.

ಊರಿಗೆ ಬಂದ ಮರುದಿನವೇ ಉಜ್ವಲಾ ಅನಂತಪುರಕ್ಕೆ ಹೋದಳು. ಅಪ್ಪನನ್ನು ಮಣ್ಣು ಮಾಡಿದ ಗುಡ್ಡೆ ಹುಡುಕಿದರೆ ಸಿಗಲಿಲ್ಲ. ಮಳೆಗೆ ತಗ್ಗಿ, ನೇಗಿಲಿಗೆ ಸಿಕ್ಕಿ, ಅದರ ಮೇಲೆ ಗೋವಿನಜೋಳ ಎದೆಮಟ್ಟ ನಿಂತಿತ್ತು. "ಇಲ್ಲೇ ಎಲ್ಲೋ ಅಕ್ಕಾ," ಎಂದು ಮಾಯಪ್ಪ ನಾಲ್ಕು ಸಾಲು ತೋರಿಸಿದ. ಯಾವ ಸಾಲಿಗೆ ಮಣ್ಣು ಹಾಕುವುದು? ಮಣ್ಣು ಹಿಡಿದ ಮುಷ್ಟಿ ಬಿಚ್ಚದೆ ಬದುವಿನ ಮೇಲೆ ನಿಂತಿದ್ದು ತಿರುಗಿ ಬಂದಳು.

ಇತ್ತ ಸೋನಾಬಾಯಿ ಬಂದವರೆದುರಿಗೆಲ್ಲ ಪರದೇಶದ ಡಾಕ್ಟರರಿಗೆ ಶಾಪ ಹಾಕುತ್ತಿದ್ದಳು. ಮಿರಜಿನ ಆಸ್ಪತ್ರೆಯಲ್ಲೂ ಅದನ್ನೇ ಶುರುಮಾಡಿದಳು. ಡಾಕ್ಟರು ಎಕ್ಸ್‌ರೇ ನೋಡಿ, "ಆಪರೇಷನ್ ಚಲೋ ಮಾಡ್ಯಾರಲ್ಲ. ಮೊಣಕಾಲ ಬುಡಕ ದಿಂಬಗಿಂಬ ಇಟ್ಟಿದ್ರೇನ್ರಿ?" ಎಂದು ಕೇಳಿದರು.

"ಹೌದ್ರಿ ಸಾಹೇಬ್ರ, ನಾನ ಹೇಳಿ ಇಡಿಸೇನಿ," ಎಂದಳು ಸೋನಾಬಾಯಿ, ಸೆರಗು ಸರಿಮಾಡಿಕೊಂಡು.

"ಹಂಗಾರ ಕಾಲ ನೀವ ಕೆಡಿಸೀರಿ, ಆಜಿ."

ಸಂಗ್ರಾಮ ಹೆಂಡತಿಯ ಕಡೆ ನೋಡಿದ.

"ಆ ಆಸ್ಪತ್ರ್ಯಾಗಿನ ಆಕಿ ನಿನಗ ಹೇಳಿರಲಿಲ್ಲೇನ?"

"ಹೇಳಿದ್ಲ್ರಿ."

"ಮತ್ತ?"

"ನೀವು ಬಿಡ ಅಂದ್ರಿ, ಬಿಟ್ಟೆ. ಅತ್ತಿ ಇಡ ಅಂದ್ರು, ಇಟ್ಟೆ. ಯಾರ ಮಾತ ಮೀರೇನಿ ಹೇಳ್ರಿ?"

ಡಾಕ್ಟರು ಕೆಮ್ಮಿ, ಅರಿವಳಿಕೆ ಕೊಟ್ಟು ಕಾಲನ್ನು ಒಮ್ಮೆ ಬಗ್ಗಿಸಿಕೊಡುತ್ತೇನೆ, ಆದರೆ ಮನೆಯಲ್ಲಿ ಯಾರಾದರೂ ದಿನಾ ಮಡಚಿಸದಿದ್ದರೆ ಮತ್ತೆ ಹೀಗೇ ಆಗುತ್ತದೆ ಎಂದರು. "ಯಾರ ಮಾಡ್ತೀರಿ?"

"ನನ್ನ ಕಡಿಂದ ಆಗೂದಿಲ್ಲೋ ಯಪ್ಪಾ," ಎಂದು ಸೋನಾಬಾಯಿ ಎರಡೂ ಕೈ ಹಿಂದೆ ತೆಗೆದುಕೊಂಡಳು.

"ನಾ ಮಾಡ್ತೀನ್ರಿ," ಎಂದಳು ಉಜ್ವಲಾ.

ಡಾಕ್ಟರಿಂದ ಕಾಲು ಬಗ್ಗಿಸಿಕೊಂಡು ಮಿರಜಿನಿಂದ ಮರಳಿದ ಮೇಲೆ ಪಡಸಾಲೆಯಲ್ಲಿ ಚಾಪೆ ಹಾಸಿ ಅವನನ್ನು ಬೋರಲು ಮಲಗಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಮ್ಮಡಿ ಹಿಡಿದು ಒತ್ತಿದಳು.

"ಅಯ್ಯಯ್ಯೋ, ಬಿಡಲೇ!"

ಬಿಡಲಿಲ್ಲ. ಸೋನಾಬಾಯಿ ಕಿವಿ ಮುಚ್ಚಿಕೊಂಡು ಹಿತ್ತಿಲಿಗೆ ಹೋದಳು.

"ಬಿಡ ಅನ್ನಾಕತ್ತೀನಲ್ಲ! ನನ್ನ ಮಾತ..." ಎಂದವನು ಅರ್ಧಕ್ಕೇ ನಿಲ್ಲಿಸಿದ. ಚಾಪೆಯಲ್ಲಿ ಮುಖ ಹುದುಗಿಸಿದ. "ನಿಮ್ಮಪ್ಪನ ಮಣ್ಣಿಗೆ ಕಳಸಲಿಲ್ಲಂತ ಸಿಟ್ಟ ಇನ್ನಾ ಐತೇನ?"

ಭರಮುವಿನ ಸುದ್ದಿಯನ್ನು ಅವನಾಗಿ ಎತ್ತಿದ್ದು ಅದೇ ಮೊದಲು.

"ಐತ್ರಿ."

"ಎಂದಿಗೆ ಹೋಗೂದ ಅದು?"

"ನನಗೇನ ಗೊತ್ತ? ಕಾಲ ಸಡ್ಲ ಬಿಡ್ರಿ."

ಅವಳು ಮೈಭಾರವನ್ನೆಲ್ಲ ಕೈಗೆ ಹಾಕಿದಳು. ಒಳಗೆ ಏನೋ ಕಟಕ್ಕೆಂದು ಸಡಿಲಿ ಹಿಮ್ಮಡಿ ಒಂದು ಬೆರಳಿನಷ್ಟು ತೊಡೆಯ ಕಡೆ ಬಂತು. ಸಂಗ್ರಾಮ ಚಾಪೆಯ ಅಂಚು ಕಚ್ಚಿದ. ಉಜ್ವಲಾಳ ಹಣೆಯ ಬೆವರು ಅವನ ಮೀನಖಂಡದ ಮೇಲೆ ತೊಟ್ಟಿಕ್ಕಿತು.

"ಬಂತ?" ಎಂದ ಅವನು, ಅಳುತ್ತಲೇ.

"ಬಂತ್ರಿ."

"ಹಂಗಾರ ಸಾಕ?"

"ಇನ್ನಾ ಭಾಳ ಐತಿ," ಎಂದು ಉಜ್ವಲಾ ಹಿಡಿತ ಬಿಗಿ ಮಾಡಿದಳು.